ಒಂದು ಲೀಟರಿನ ಲೆಕ್ಕ



ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿಯ ಭತ್ತದ ಗದ್ದೆ, ನ್ಯಾಮತಿಯ ಮೆಕ್ಕೆಜೋಳದ ಹೊಲ, ಜಗಳೂರಿನ ಮಳೆಯಾಶ್ರಿತ ಬಯಲು. ಬೆಳೆ ಬೇರೆಯಾದರೂ ಪೆಟ್ರೋಲ್ ಬಂಕಿನ ಚೀಟಿ ಎಲ್ಲರ ಮನೆಗೂ ಬರುತ್ತದೆ. ಕಾರು ಕುಡಿಯುವ ಇಂಧನವನ್ನು ಎಷ್ಟು ತಗ್ಗಿಸಬಹುದೆಂಬುದು ಆದ್ದರಿಂದ ರೈತನ ಪ್ರಶ್ನೆಯೂ ಹೌದು.

2002ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಫರ್ಡಿನಾಂಡ್ ಪಿಯೆಕ್ ಅವರು ವೋಲ್ಫ್ಸ್‌ಬರ್ಗಿನಿಂದ ಹ್ಯಾಂಬರ್ಗಿಗೆ ಓಡಿಸಿದ ಪ್ರಾಯೋಗಿಕ ಕಾರು 100 ಕಿ.ಮೀ.ಗೆ 0.89 ಲೀಟರ್ ಡೀಸೆಲ್ಲನ್ನಷ್ಟೇ ಬಳಸಿತು. ಅದರ ತೂಕ ಕೇವಲ 290 ಕಿಲೋ. ಒಬ್ಬರ ಹಿಂದೊಬ್ಬರು ಕೂರುವ ಎರಡೇ ಆಸನ. ಗಾಳಿಯನ್ನು ಸೀಳುವ ಕಿರಿದಾದ ಮೈ. ಅಮೆರಿಕದಲ್ಲಿ ಓದುತ್ತಿದ್ದಾಗ ಸೌರ ಕಾರಿನ ತಂಡದಲ್ಲಿ ದುಡಿದ ಚೇತನ್ ಮೈನಿ ಅವರು 2001ರಲ್ಲಿ ಬೆಂಗಳೂರಿನಿಂದ ‘ರೇವಾ’ ವಿದ್ಯುತ್ ಕಾರನ್ನು ಹೊರತಂದಾಗಲೂ ಪುಟ್ಟ ಗಾತ್ರ, ಕಡಿಮೆ ತೂಕಗಳೇ ಆಧಾರವಾಗಿದ್ದವು.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗವನ್ನು 60ಕ್ಕೆ ಇಳಿಸಿದರೆ ಆ ತಡೆ ಶೇ. 44ರಷ್ಟು ಕುಗ್ಗುತ್ತದೆ. ಇದನ್ನರಿತ ಹೊರದೇಶದ ಹವ್ಯಾಸಿಗಳು ಹಿಂದಿನ ಚಕ್ರಗಳನ್ನು ಮುಚ್ಚಿ, ಕಾರಿಗೆ ಉದ್ದನೆಯ ಬಾಲ ಜೋಡಿಸಿದ್ದುಂಟು. ಭಾರತದಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿದೆ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ.

ಆದರೆ ಬಳಸದ ಕ್ಯಾರಿಯರನ್ನು ಬಿಚ್ಚಿಡಲು, ಡಿಕ್ಕಿಯಲ್ಲಿ ಉಳಿದ ಗೊಬ್ಬರದ ಚೀಲವನ್ನು ಇಳಿಸಲು, ಟೈರಿಗೆ ತಯಾರಕರು ಸೂಚಿಸಿದಷ್ಟು ಗಾಳಿ ತುಂಬಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಘಟ್ಟದ ಇಳಿಜಾರಿನಲ್ಲಿ ಎಂಜಿನ್ ಆರಿಸುವ ರೂಢಿ ಮಾತ್ರ ಪ್ರಾಣಾಪಾಯಕಾರಿ. ಎಂಜಿನ್ ನಿಂತರೆ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ನೆರವು ತಪ್ಪುತ್ತದೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಸಾಮಾನ್ಯವಾಗಿ ತಾವೇ ಇಂಧನವನ್ನು ತಡೆಯುತ್ತವೆ. ನ್ಯೂಟ್ರಲಿನಲ್ಲಿಯೇ ಅದು ಉರಿಯುತ್ತಿರುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಎಂಜಿನ್ನುಗಳ ದಕ್ಷತೆ ಹೆಚ್ಚಿದರೆ ಕಲ್ಲಿದ್ದಲಿನ ಒಟ್ಟು ಬಳಕೆ ತಗ್ಗದೆ ಏರುತ್ತದೆಂದು ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ವಾದಿಸಿದ್ದರು. ಮೈಲೇಜು ಹೆಚ್ಚಿತೆಂದು ತಿರುಗಾಟವೂ ಹೆಚ್ಚಿದರೆ ಉಳಿತಾಯ ಬರಿಯ ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತದೆ. ಲೀಟರಿಗೆ 20 ಕಿ.ಮೀ. ಓಡುವ ಕಾರಿನಲ್ಲಿ ಒಬ್ಬನೇ ಹೋದರೆ ಆ ಒಂದು ಲೀಟರು ಒಬ್ಬನನ್ನು 20 ಕಿ.ಮೀ. ಒಯ್ಯುತ್ತದೆ. ಲೀಟರಿಗೆ 5 ಕಿ.ಮೀ. ಓಡುವ ಬಸ್ಸಿನಲ್ಲಿ 50 ಮಂದಿ ಕುಳಿತರೆ, ತಲಾ ಲೆಕ್ಕದಲ್ಲಿ ಅದು 250 ಕಿ.ಮೀ. ಪಯಣ. ಜಗಳೂರಿನಿಂದ ದಾವಣಗೆರೆಗೆ, ನ್ಯಾಮತಿಯಿಂದ ಶಿವಮೊಗ್ಗಕ್ಕೆ ಹೊತ್ತಿಗೆ ಸರಿಯಾಗಿ ಬಸ್ಸು ಬರಲೆಂದು ಗ್ರಾಮಸಭೆಗಳು ಒತ್ತಾಯಿಸುವುದೂ ಇಂಧನ ಉಳಿತಾಯದ ಕೆಲಸವೇ. ಕಾರನ್ನು ತಿದ್ದುವುದಕ್ಕಿಂತ ಅದರ ಫಲ ದೊಡ್ಡದು.