ಬೇರು ಹಲವು, ನೆರಳು ಒಂದೇ
(ಪವಿತ್ರಾತ್ಮರ ಹಬ್ಬದ ಪ್ರಬೋಧನೆ)



ಪವಿತ್ರಾತ್ಮರ ಹಬ್ಬ ಬರುವುದು ನಮ್ಮ ರಾಯಚೂರಿನ ಜನ ಮುಂಗಾರಿಗಾಗಿ ಮುಗಿಲು ನೋಡುವ ಹೊತ್ತಿಗೆ. ಮಳೆ ಕೈಕೊಟ್ಟರೆ ದೇವದುರ್ಗ, ಮಾನ್ವಿಯ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ. ಗಿಡಮರಗಳು ಎಲ್ಲಿಗೆ ಹೋದಾವು? ನಿಂತಲ್ಲೇ ತಾಳಬೇಕು.

ಒಂದೇ ಜಾತಿಯ ಮರಗಳು ಒತ್ತಾಗಿದ್ದರೆ ಬೇರುಗಳೆಲ್ಲ ಒಂದೇ ಆಳದ ನೀರಿಗೆ ಕಿತ್ತಾಡುತ್ತವೆ. ಹಲವು ಜಾತಿ ಕೂಡಿದ್ದರೆ ಒಂದರ ಬೇರು ಆಳಕ್ಕಿಳಿಯುತ್ತದೆ, ಇನ್ನೊಂದರದು ಮೇಲ್ಮಣ್ಣಿನ ತೇವ ಹೀರುತ್ತದೆ. ಬೇವಿನ ನೆರಳು ನೆಲದ ಕಾವು ತಗ್ಗಿಸುತ್ತದೆ. ಹೊಂಗೆಯ ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ. ಉದುರಿದ ಎಲೆ ಹಸಿ ಕಾಯುತ್ತದೆ. ಆದರೆ ಬೆರೆಸಿ ನೆಟ್ಟರಷ್ಟೇ ಸಾಲದು. ಬರ ಕಡುವಾದಾಗ ಬಾಯಾರಿದ ಮರ ನೆರೆಯ ಮರದ ಪಾಲನ್ನೂ ಹೀರಬಹುದು. ಯಾವುದರ ಜೊತೆ ಯಾವುದು, ಎಷ್ಟು ಅಂತರ ಎಂಬುದು ಮುಖ್ಯ.

ಸಂತ ಪೌಲರು ಕೊರಿಂಥದ ಸಭೆಗೆ ತಿಳಿಹೇಳಿದ್ದೂ ಇದನ್ನೇ: ವರಗಳು ಬೇರೆಬೇರೆಯಾಗಿರುವುದು ಪೈಪೋಟಿಗಲ್ಲ, ಎಲ್ಲರ ಹಿತಕ್ಕೆ.

ಈ ಹಬ್ಬದಂದು ಸಸಿ ನೆಟ್ಟು, ಫೋಟೋ ತೆಗೆಸಿ ಮರೆಯುವುದು ಬೇಡ. ದೇವಾಲಯದ ಅಂಗಳದಲ್ಲಿ ಬೇವು, ಹೊಂಗೆ, ಹುಣಸೆಗಳನ್ನು ಸಾಕಷ್ಟು ಅಂತರ ಬಿಟ್ಟು ನೆಡೋಣ. ಒಂದೊಂದು ಮನೆಯವರು ಒಂದೊಂದು ಸಸಿಗೆ ಮೊದಲೆರಡು ಬೇಸಿಗೆ ನೀರುಣಿಸಲಿ. ಆಮೆನ್.