ಬಿಗಿದ ಕೀಲು, ಸಡಿಲ ಕೀಲು

ಸೊಂಟ ಹಿಡಿದುಕೊಂಡಿದೆ ಎಂದು ಫಿಸಿಯೋಥೆರಪಿಗೆ ಬರುವವರಲ್ಲಿ ಎರಡು ಬಗೆ. ಕೆಲವರ ಬೆನ್ನಿನ ಕೀಲು ನಿಜಕ್ಕೂ ಬಿಗಿದಿರುತ್ತದೆ. ಇನ್ನು ಕೆಲವರದು ಅತಿ ಸಡಿಲ. ಅದನ್ನು ಕಾಯಲೆಂದೇ ಸುತ್ತಲಿನ ಸ್ನಾಯುಗಳು ಸೆಟೆದುಕೊಂಡಿರುತ್ತವೆ. ದೂರು ಒಂದೇ, ಚಿಕಿತ್ಸೆ ಮಾತ್ರ ತದ್ವಿರುದ್ಧ.

ಬೋರಲು ಮಲಗಿಸಿ, ಬೆನ್ನುಮೂಳೆಯ ಒಂದೊಂದೇ ಕಶೇರುವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಹಳೆಯ ಪರೀಕ್ಷೆ. ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ 1964ರಲ್ಲಿ ಬರೆದ ಪುಸ್ತಕದಿಂದ ಈ ವಿದ್ಯೆ ಜಗತ್ತಿಗೆಲ್ಲ ಹಬ್ಬಿತು. ನೋವೇ ಮುಖ್ಯವಾದಲ್ಲಿ ಹಗುರವಾಗಿ ಆಡಿಸು, ಬಿಗಿತವೇ ಮುಖ್ಯವಾದಲ್ಲಿ ತಡೆ ಸಿಗುವವರೆಗೂ ಒತ್ತು ಎಂಬುದು ಅವರ ಕ್ರಮ. ಆದರೆ ಒಂದೇ ಬೆನ್ನನ್ನು ಇಬ್ಬರು ಚಿಕಿತ್ಸಕರು ಒತ್ತಿದರೆ ಅದು ಎಷ್ಟು ಬಿಗಿ ಎಂಬುದರಲ್ಲಿ ಅವರಿಗೆ ಒಮ್ಮತವಿರುವುದು ಕಡಿಮೆ. ಎಲ್ಲಿ ನೋವು ಎಂಬುದರಲ್ಲಿ ತುಸು ವಾಸಿ. ಹಾಗಾಗಿ ಬೆರಳೊಂದನ್ನೇ ನಂಬಬಾರದು.

ಬಗ್ಗಿದವರು ತೊಡೆಯ ಮೇಲೆ ಕೈಯೂರಿ ಏಳುತ್ತಾರೆಯೇ, ಏಳುವಾಗ ನಡುವೆ ಬೆನ್ನು ತಟ್ಟನೆ ಸಿಕ್ಕಿಕೊಳ್ಳುತ್ತದೆಯೇ ನೋಡಬೇಕು. ಇವು ಸಡಿಲದ ಸುಳಿವುಗಳು. ನನಗೆ ಮೆಚ್ಚುಗೆಯಾದದ್ದು ಇನ್ನೊಂದು ಪರೀಕ್ಷೆ: ಎದೆ, ಹೊಟ್ಟೆ ಮೇಜಿನ ಮೇಲೆ, ಪಾದ ನೆಲದ ಮೇಲೆ. ಒತ್ತಿದಾಗ ನೋಯುತ್ತದೆ. ಪಾದ ಎತ್ತಿಸಿ ಮತ್ತೆ ಒತ್ತಿದರೆ ನೋವು ಇಳಿಯುತ್ತದೆ. ಅಂದರೆ ಬೆನ್ನಿನ ಸ್ನಾಯು ಬಿಗಿಯಾದೊಡನೆ ಕೀಲಿಗೆ ಆಸರೆ ಸಿಕ್ಕಿತು.

ಈ ಆಸರೆಯ ಲೆಕ್ಕವನ್ನು 1992ರಲ್ಲಿ ಬಿಡಿಸಿ ಹೇಳಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನೋಹರ್ ಪಂಜಾಬಿ. ಬೆನ್ನಿಗೆ ಆಸರೆ ಮೂರು: ಮೂಳೆ ಮತ್ತು ಅಸ್ಥಿರಜ್ಜು, ಸ್ನಾಯು, ಸ್ನಾಯುವನ್ನು ನಡೆಸುವ ನರಮಂಡಲ. ಒಂದು ಸೋತರೆ ಉಳಿದವು ಹೊರೆ ಹೊರಬಲ್ಲವು. ಸಡಿಲ ಬೆನ್ನಿಗೆ ವ್ಯಾಯಾಮ ಹೇಳುವುದು ಇದಕ್ಕೇ. ಹೊಟ್ಟೆಯ ಒಳಪದರದ ಸ್ನಾಯುವಿಗೇ ವಿಶೇಷ ತರಬೇತಿ ಬೇಕೆಂದು ಒಂದು ಕಾಲಕ್ಕೆ ಬಲು ಭರವಸೆಯಿತ್ತು. ಮುಂದಿನ ಅಧ್ಯಯನಗಳಲ್ಲಿ ಅದು ಸಾಮಾನ್ಯ ವ್ಯಾಯಾಮಕ್ಕಿಂತ ಹೆಚ್ಚೇನೂ ಅಲ್ಲವೆಂದು ಕಂಡಿತು. ಬಿಡದೆ ಮಾಡುವಂಥದ್ದನ್ನು ಆರಿಸಿಕೊಳ್ಳಿ, ಸಾಕು.

ಕೀಲನ್ನು ಒತ್ತಿದಾಗ, ತಿರುಚಿದಾಗ ಬರುವ ಲಟಕ್ ಶಬ್ದಕ್ಕೆ ಮರುಳಾಗಬೇಡಿ. ಅದು ಕೀಲಿನ ದ್ರವದಲ್ಲಿನ ಅನಿಲದ ಸದ್ದು, ಮೂಳೆ ಜಾಗಕ್ಕೆ ಕೂತದ್ದಲ್ಲ. ಕ್ಷೌರದಂಗಡಿಯಲ್ಲಿ ಕತ್ತು ತಿರುಚಿಸಿಕೊಳ್ಳುವುದಂತೂ ಬೇಡವೇ ಬೇಡ.

ಹರೆಯದಲ್ಲೇ ದಿನವೂ ಬೆಳಗ್ಗೆ ಅರ್ಧ ಗಂಟೆ ಮೀರಿ ಬೆನ್ನು ಬಿಗಿದು, ಓಡಾಡಿದಾಗ ಹಗುರಾದರೆ ಉರಿಯೂತದ ಸಂಧಿವಾತವಿರಬಹುದು, ವೈದ್ಯರಿಗೆ ತೋರಿಸಿ. ಕೂರುವ ಭಾಗ ಜೋಮು ಹಿಡಿದು ಮೂತ್ರದ ಹಿಡಿತ ತಪ್ಪಿದರೆ, ಫಿಸಿಯೋಥೆರಪಿಗಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.