ಕಡ್ಡಿ ಗಟ್ಟಿ, ಕೀಲು ಗಟ್ಟಿಯೇ?

ಒಂದು ಐಸ್‌ಕ್ರೀಂ ಕಡ್ಡಿ ತಗೊಳ್ಳಿ. ಎರಡೂ ತುದಿ ಹಿಡಿದು ಜಗ್ಗಿ. ಕಡ್ಡಿಗೆ ಏನೂ ಆಗಲ್ಲ, ಬೆರಳೇ ಜಾರುತ್ತೆ. ಈಗ ಅದನ್ನೇ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿಂದ ಒತ್ತಿ. ಬಿಲ್ಲಿನ ಹಾಗೆ ಬಾಗಿ ಪಕ್ಕಕ್ಕೆ ಚಿಮ್ಮುತ್ತೆ. ಇಂಥ ಕಡ್ಡಿಗಳಿಂದ ಟ್ರಸ್ ಸೇತುವೆ, ಅಂದರೆ ತ್ರಿಕೋನಗಳನ್ನು ಜೋಡಿಸಿ ಮಾಡೋ ಸೇತುವೆ, ಕಟ್ಟೋರು ಮೊದಲು ಲೆಕ್ಕಕ್ಕೆ ತಗೋಬೇಕಾದ್ದು ಇದನ್ನೇ.

ಚೌಕ ವಾಲುತ್ತೆ, ತ್ರಿಕೋನ ವಾಲಲ್ಲ ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು, ಬಿಡಿ. ಆದರೆ ತ್ರಿಕೋನದ ಓರೆ ಕಡ್ಡಿ ಯಾವ ಕಡೆ ಇಳಿಯಬೇಕು? 1840ರಲ್ಲಿ ಅಮೆರಿಕದ ವಿಲಿಯಂ ಹೋವ್ ಮಾಡಿದ ಟ್ರಸ್‌ನಲ್ಲಿ ಓರೆಯ ಮರದ ತೊಲೆಗಳು ಒತ್ತಡ ಹೊರುತ್ತಿದ್ದವು, ನೆಟ್ಟಗಿನ ಕಬ್ಬಿಣದ ಸರಳುಗಳು ಎಳೆತ ತಡೀತಿದ್ದವು. 1844ರಲ್ಲಿ ಪ್ರ್ಯಾಟ್ ಅಪ್ಪ-ಮಗ ಇದನ್ನು ತಿರುಗಾಮುರುಗಾ ಮಾಡಿದರು. ಓರೆ ಕಡ್ಡಿ ಸೇತುವೆಯ ಮಧ್ಯದ ಕಡೆಗೆ ಇಳಿಯುತ್ತೆ, ಅದಕ್ಕೆ ಬರೀ ಎಳೆತ. ಒತ್ತಡ ಬೀಳೋದು ಗಿಡ್ಡಗಿರೋ ಕಂಬದ ಕಡ್ಡಿಗೆ. ನಮಗೆ ಇದೇ ಬೇಕು. ಯಾಕಂದ್ರೆ ಒತ್ತಡ ಹೊರೋ ಕಡ್ಡಿಯ ಉದ್ದ ಎರಡು ಪಟ್ಟಾದರೆ, ಬಾಗದೆ ಅದು ಹೊರೋ ಭಾರ ಕಾಲು ಭಾಗಕ್ಕೆ ಇಳಿಯುತ್ತೆ. ಆಯ್ಲರ್ 18ನೇ ಶತಮಾನದಲ್ಲೇ ಕಂಡುಕೊಂಡಿದ್ದ ಲೆಕ್ಕ ಇದು.

ಇನ್ನು ಎತ್ತರ. 40 ಸೆಂ.ಮೀ. ಅಂತರ, ನಡುವೆ 20 ಕೆ.ಜಿ. ಭಾರ ಅನ್ನಿ. ಟ್ರಸ್ 10 ಸೆಂ.ಮೀ. ಎತ್ತರ ಇದ್ದರೆ ಮೇಲಿನ ಪಟ್ಟಿಗೆ ಹೆಚ್ಚೆಂದರೆ 20 ಕೆ.ಜಿ.ಯಷ್ಟು ಒತ್ತಡ. 5 ಸೆಂ.ಮೀ. ಇದ್ದರೆ 40. ಹಾಗಂತ ಗೋಪುರ ಎಬ್ಬಿಸಬೇಡಿ, ಕಂಬಗಳು ಉದ್ದವಾಗಿ ಅವೇ ಬಾಗುತ್ತವೆ.

ಮೇಲಿನ ಪಟ್ಟಿಗೆ ಎರಡು ಕಡ್ಡಿ ಅಗಲ ಮುಖಕ್ಕೆ ಮುಖ ಸೇರಿಸಿ ಅಂಟಿಸಿ. ಬಾಗದೆ ನಿಲ್ಲೋ ಬಲ ಎಂಟು ಪಟ್ಟಾಗುತ್ತೆ. ಕೆಳಗಿನ ಪಟ್ಟಿಗೆ ಬೀಳೋದು ಎಳೆತ, ಅದಕ್ಕೂ ಹಾಗೇ ಮಾಡಿದರೆ ಬಲ ಬರೀ ಎರಡು ಪಟ್ಟು. ಆದ್ದರಿಂದ ಕಡ್ಡಿ ಉಳಿದರೆ ಮೇಲಕ್ಕೇ ಹಾಕಿ. ಎರಡು ಟ್ರಸ್‌ಗಳ ನಡುವೆ, ಮೇಲ್ಗಡೆ, ಅಡ್ಡ ಕಡ್ಡಿ ಜೊತೆ ಓರೆ ಕಡ್ಡಿನೂ ಕೊಡಿ. ಇಲ್ಲದಿದ್ದರೆ ಪಟ್ಟಿ ಪಕ್ಕಕ್ಕೆ ಮಲಗಿಬಿಡುತ್ತೆ.

ಇಷ್ಟಾದ ಮೇಲೂ ಸೇತುವೆ ಸಾಮಾನ್ಯವಾಗಿ ಬಿಡೋದು ಕೀಲಲ್ಲಿ. 2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿ ಮೇಲಿನ ಉಕ್ಕಿನ ಟ್ರಸ್ ಸೇತುವೆ ಕುಸಿದು 13 ಜನ ಸತ್ತರು. ತೊಲೆಗಳನ್ನು ಜೋಡಿಸೋ ಗಸೆಟ್ ಪ್ಲೇಟು ಇದ್ದದ್ದು ಅರ್ಧ ಇಂಚು ದಪ್ಪ. ಬೇಕಿದ್ದದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಸೇತುವೆ ಅದೇ ತಪ್ಪನ್ನು ಹೊತ್ತು 40 ವರ್ಷ ನಿಂತಿತ್ತು!

ನಮ್ಮ ಗಸೆಟ್ಟು ಕಡ್ಡಿಯದೇ ತುಂಡು. ದುಂಡು ತುದಿಯಷ್ಟೇ ತಾಗಿದರೆ ಸಾಲದು, ಎರಡು ಸೆಂ.ಮೀ. ಆದರೂ ಒಂದರ ಮೇಲೊಂದು ಕೂರಲಿ. ಫೆವಿಕಾಲ್ ತೆಳ್ಳಗೆ ಸವರಿ, ಬಟ್ಟೆ ಕ್ಲಿಪ್ ಹಾಕಿ, 24 ಗಂಟೆ ಮುಟ್ಟಬೇಡಿ. ದಪ್ಪಗೆ ಸುರಿದ ಅಂಟು ತೂಕ ಕೊಡುತ್ತೆ, ಬಲ ಕೊಡಲ್ಲ.

ಒಣಗಿತಾ? ನಡುವಿಗೆ ಬಕೆಟ್ ನೇತು ಹಾಕಿ, ನಿಧಾನಕ್ಕೆ ನೀರು ಹುಯ್ಯಿರಿ. ಲೀಟರಿಗೆ ಒಂದು ಕೆ.ಜಿ. ಫೋನಲ್ಲಿ ಸ್ಲೋ ಮೋಷನ್ ಆನ್ ಮಾಡಿ ಕೀಲುಗಳ ಕಡೆ ಇಡಿ. ಮೊದಲು ಬಾಯಿ ಬಿಟ್ಟದ್ದು ಯಾವುದು ಅಂತ ಕಮೆಂಟಲ್ಲಿ ಬರೀರಿ.